ಉಳಿದ ದೇಗುಲ, ಉರುಳಿದ ಮನೆ

ಕವಿಯ ಕಾವ್ಯ ರುಚಿಸದಿದ್ದರೆ ಓದುಗನು ಪುಸ್ತಕವನ್ನು ಮುಚ್ಚಿಡಬಹುದು. ಗಾಯಕನ ಹಾಡು ಹಿಡಿಸದಿದ್ದರೆ ಎದ್ದು ಹೋಗಬಹುದು. ವಾಸ್ತುಶಿಲ್ಪಿಯ ಕೃತಿಯ ವಿಷಯದಲ್ಲಿ ನಮಗೆ ಈ ಸ್ವಾತಂತ್ರ್ಯವಿಲ್ಲ. ಅದರೊಳಗೆ ಜನ ಉಣ್ಣುತ್ತಾರೆ, ಮಲಗುತ್ತಾರೆ, ಮಕ್ಕಳನ್ನು ಬೆಳೆಸುತ್ತಾರೆ. ಅದರ ಗುಣದೋಷಗಳೆರಡನ್ನೂ ದಿನದಿನವೂ ಅನುಭವಿಸುತ್ತಾರೆ. ಈ ಮಾತಿಗೆ ಸ್ಕಾಟ್ಲೆಂಡಿನ ಸರ್ ಬೆಸಿಲ್ ಸ್ಪೆನ್ಸ್ ಅವರ ಜೀವನಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಅವರು ರಚಿಸಿದ ದೇಗುಲವೊಂದು ಲೋಕಪ್ರಸಿದ್ಧವಾಗಿ ನಿಂತಿದೆ. ಅವರೇ ರಚಿಸಿದ ಮನೆಗಳನ್ನು ಮೂವತ್ತು ವರ್ಷ ತುಂಬುವ ಮೊದಲೇ ಸಿಡಿಮದ್ದಿಟ್ಟು ಉರುಳಿಸಲಾಯಿತು.

ಸ್ಪೆನ್ಸ್ ಜನಿಸಿದುದು ನಮ್ಮ ಮುಂಬಯಿಯಲ್ಲಿ, 1907ರ ಆಗಸ್ಟ್ 13ರಂದು. ತಂದೆ ಅಲ್ಲಿಯ ಟಂಕಸಾಲೆಯಲ್ಲಿ ಲೋಹಪರೀಕ್ಷಕರಾಗಿದ್ದರು. ಬಾಲಕನ ಮೊದಲ ಪಾಠಗಳೂ ಆ ನಗರದಲ್ಲಿಯೇ ನಡೆದವು. ಮುಂದಿನ ವ್ಯಾಸಂಗ ಎಡಿನ್‌ಬರೋದಲ್ಲಿ. 1929ರಲ್ಲಿ ತರುಣ ಸ್ಪೆನ್ಸ್ ಲಂಡನ್ನಿಗೆ ಹೋಗಿ, ಒಂದು ವರ್ಷ ಎಡ್ವಿನ್ ಲುಟಿಯನ್ಸ್ ಅವರ ಕಚೇರಿಯಲ್ಲಿ ಕೆಲಸ ಮಾಡಿದರು. ಹೊಸದಿಲ್ಲಿಯ ವೈಸ್‌ರಾಯ್ ಭವನದ ನಕ್ಷೆಗಳು ಆಗ ಅಲ್ಲಿ ಸಿದ್ಧವಾಗುತ್ತಿದ್ದವು. ಇಂದು ರಾಷ್ಟ್ರಪತಿ ಭವನವೆನಿಸಿರುವ ಆ ಸೌಧದ ಕೆಲಸದಲ್ಲಿ ಮುಂಬಯಿಯ ಈ ಹುಡುಗನ ಲೇಖನಿಯೂ ಓಡಾಡಿತ್ತು.

ಎರಡನೆಯ ಮಹಾಯುದ್ಧದಲ್ಲಿ ಅವರು ಸೈನ್ಯವನ್ನು ಸೇರಿದರು. 1944ರಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿಳಿದಾಗ ಅವರ ಕಣ್ಣೆದುರಿಗೇ ಪುರಾತನ ಇಗರ್ಜಿಗಳ ಗೋಪುರಗಳು ಫಿರಂಗಿಗೆ ತುತ್ತಾದವು. ಗೋಪುರಗಳಲ್ಲಿ ಶತ್ರುಗಳು ಅಡಗಿದ್ದುದರಿಂದ ಹೊಡೆದವರು ಬ್ರಿಟಿಷರೇ. ಆ ದಿನಗಳಲ್ಲಿ ಸಂಗಡಿಗನೊಬ್ಬನು, ನಿನ್ನ ಬಾಳಿನ ಹೆಬ್ಬಯಕೆ ಏನೆಂದು ಕೇಳಿದನಂತೆ. ಒಂದು ಕೆಥೆಡ್ರಲ್ ಕಟ್ಟಬೇಕೆಂದು ಸ್ಪೆನ್ಸ್ ಉತ್ತರವಿತ್ತರು. ಕೆಥೆಡ್ರಲ್ ಎಂದರೆ ಬಿಷಪ್ಪರ ಪೀಠವಿರುವ ಮಹಾದೇಗುಲ.

ಆ ಬಯಕೆ ಕೈಗೂಡಿದ್ದು ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಅದರ ಮೇಲೆ ಬಾಂಬುಗಳ ಮಳೆಗರೆದವು. ಐನೂರಕ್ಕೂ ಮಿಕ್ಕಿ ಜನ ಮಡಿದರು. ಊರಿನ ಕೆಥೆಡ್ರಲ್ ಹತ್ತಿ ಉರಿದು, ಹೊರಗೋಡೆಗಳೂ ಗೋಪುರವೂ ಮಾತ್ರ ಉಳಿದವು. ಹೊಸ ದೇಗುಲಕ್ಕಾಗಿ ಏರ್ಪಡಿಸಿದ ಸ್ಪರ್ಧೆಗೆ 219 ನಕ್ಷೆಗಳು ಬಂದವು. 1951ರಲ್ಲಿ ಆಯ್ಕೆಯಾದುದು ಸ್ಪೆನ್ಸ್ ಅವರದು.

ಅವರ ಕಲ್ಪನೆ ಸರಳವಾಗಿತ್ತು. ಹಾಳುಬಿದ್ದ ಗೋಡೆಗಳನ್ನು ಅವರು ಹಾಗೆಯೇ ಉಳಿಸಿದರು. ಅವುಗಳ ಮಗ್ಗುಲಲ್ಲಿಯೇ, ಅದೇ ಕೆಂಬಣ್ಣದ ಮರಳುಗಲ್ಲಿನಲ್ಲಿ ಹೊಸದನ್ನು ಎಬ್ಬಿಸಿದರು. ನಡುವೆ ಆಳೆತ್ತರವನ್ನು ಎಷ್ಟೋ ಮೀರಿದ ಗಾಜಿನ ಪರದೆ. ಹೊಸ ದೇಗುಲದೊಳಗೆ ನಿಂತು ಹೊರಗೆ ನೋಡಿದವರಿಗೆ ಆ ಗಾಜಿನಾಚೆ ಸುಟ್ಟ ಗೋಡೆಗಳು ಕಾಣುತ್ತವೆ. ಗರಗಸದ ಹಲ್ಲಿನಂತೆ ಮಡಿಚಿದ ಪಕ್ಕದ ಗೋಡೆಗಳ ಕಿಟಕಿಗಳು ಬಣ್ಣದ ಬೆಳಕನ್ನು ಪೂಜಾವೇದಿಯ ಕಡೆಗೆ ಚೆಲ್ಲುತ್ತವೆ. ಈ ಗೋಡೆಗಳ ರೂಪ ತಮಗೆ ಹೊಳೆದುದು ದಂತವೈದ್ಯರ ಕುರ್ಚಿಯಲ್ಲಿ ಎಚ್ಚರ ತಪ್ಪಿದಾಗ ಕಂಡ ಕನಸಿನಲ್ಲಿ ಎಂದು ಸ್ಪೆನ್ಸ್ ಹೇಳಿಕೊಂಡಿದ್ದಾರೆ! ವೇದಿಯ ಹಿಂದೆ ಗ್ರಹಾಂ ಸದರ್ಲೆಂಡ್ ವಿನ್ಯಾಸದ, ಸುಮಾರು 75 ಅಡಿ ಎತ್ತರದ ಚಿತ್ರಗಂಬಳಿ. ಹೊರಗೋಡೆಯ ಮೇಲೆ ಜೇಕಬ್ ಎಪ್‌ಸ್ಟೈನ್ ಅವರ ಕಂಚಿನ ವಿಗ್ರಹ.

ನಕ್ಷೆ ಪ್ರಕಟವಾದಾಗ ನಿಂದನೆಯ ಕಾಗದಗಳು ರಾಶಿರಾಶಿಯಾಗಿ ಬಂದವು. 1962ರ ಮೇ 25ರಂದು ದೇಗುಲವು ಪ್ರತಿಷ್ಠೆಗೊಂಡಾಗ ನೋಡಲು ಬಂದ ಜನಸಾಗರವೇ ಅವಕ್ಕೆ ಉತ್ತರವಾಯಿತು. ಅದಕ್ಕೆ ಮೊದಲೇ, 1960ರಲ್ಲಿ, ಸ್ಪೆನ್ಸ್ ‘ಸರ್’ ಪದವಿಯನ್ನು ಪಡೆದಿದ್ದರು.

ಇನ್ನು ಎರಡನೆಯ ಕಥೆ. ಗ್ಲಾಸ್ಗೋ ನಗರದ ಗಾರ್ಬಲ್ಸ್ ಎಂಬ ಭಾಗವು ಬಡತನಕ್ಕೂ ಇಕ್ಕಟ್ಟಿಗೂ ಹೆಸರಾಗಿತ್ತು. ಒಂದೆರಡು ಕೋಣೆಗಳಲ್ಲಿ ಇಡೀ ಸಂಸಾರ. ಹಲವು ಸಂಸಾರಗಳಿಗೆ ಒಂದೇ ಪಾಯಿಖಾನೆ. ನಗರಸಭೆ ಹಳೆಯ ಕಟ್ಟಡಗಳನ್ನು ಕೆಡವಿ, ಹೊಸ ವಸತಿಯ ಒಂದು ಪಾಲನ್ನು ಸ್ಪೆನ್ಸ್ ಅವರಿಗೆ ಒಪ್ಪಿಸಿತು. ಇಪ್ಪತ್ತು ಅಂತಸ್ತುಗಳ ಕಾಂಕ್ರೀಟು ಸೌಧಗಳಲ್ಲಿ ಸುಮಾರು 400 ಮನೆಗಳು ಎದ್ದವು. ಅಂತಸ್ತು ಅಂತಸ್ತಿಗೂ ಗಿಡ ಬೆಳೆಸಲು, ಮಕ್ಕಳನ್ನಾಡಿಸಲು ತೆರೆದ ಮೊಗಸಾಲೆಗಳು. ಒಗೆದ ಬಟ್ಟೆಗಳನ್ನು ಅಲ್ಲಿ ಹರವಿದ ದಿನ, ಇಡೀ ಸೌಧವೇ ಹಾಯಿ ಬಿಚ್ಚಿದ ಹಡಗಿನಂತೆ ಕಾಣುವುದೆಂದು ಸ್ಪೆನ್ಸ್ ಕನಸು ಕಂಡರು. ಜನ ಅದನ್ನು ‘ತೂಗುದೋಟ’ವೆಂದು ಕರೆದರು.

ಸ್ವಂತ ಬಚ್ಚಲುಮನೆ ದೊರೆತಾಗ ಗೃಹಿಣಿಯರಿಗಾದ ಸಂತೋಷವನ್ನು ಊಹಿಸಬಹುದು. ಆದರೆ ಬರಬರುತ್ತ ಗೋಡೆಗಳು ತೇವದಿಂದ ಕಪ್ಪಿಟ್ಟವು, ಬೂಷ್ಟು ಹಿಡಿಯಿತು. ವಾಸ್ತುಶಿಲ್ಪಿ ಕಂಡದ್ದು ಗಾಳಿಗೆ ಹಾರುವ ಬಟ್ಟೆಯನ್ನು. ನೆಲೆಸಿದವರು ಕಂಡದ್ದು ಒಣಗದ ಗೋಡೆಯನ್ನು. ದೋಷ ವಿನ್ಯಾಸದ್ದೆಂದು ಕೆಲವರು, ಕಟ್ಟಿದ ಆತುರದ್ದೆಂದು ಕೆಲವರು, ಸರಿಯಾಗಿ ಕಾಪಾಡದವರದೆಂದು ಮತ್ತೆ ಕೆಲವರು ವಾದಿಸಿದರು. ವಾದ ತೀರಲಿಲ್ಲ, ಮನೆಗಳು ತೀರಿದವು. 1993ರ ಸೆಪ್ಟೆಂಬರಿನಲ್ಲಿ ಅವನ್ನು ಸಿಡಿಸಿದಾಗ ಚೂರೊಂದು ಬಡಿದು, ನೋಡಲು ನಿಂತಿದ್ದ ಮಹಿಳೆಯೊಬ್ಬರು ಅಸುನೀಗಿದರು. 1976ರ ನವೆಂಬರಿನಲ್ಲಿಯೇ ಕಾಲವಶರಾಗಿದ್ದ ಸ್ಪೆನ್ಸ್ ಈ ದುರಂತವನ್ನು ನೋಡಲಿಲ್ಲ.

ಹಾಗಾದರೆ ಅವರಿಗೆ ಮನೆ ಕಟ್ಟಲು ಬರುತ್ತಿರಲಿಲ್ಲವೆ? ಬರುತ್ತಿತ್ತು. 1950ರ ಸುಮಾರಿಗೆ ಸ್ಕಾಟ್ಲೆಂಡಿನ ಡನ್‌ಬಾರ್ ಬಂದರಿನಲ್ಲಿ ಬೆಸ್ತರಿಗಾಗಿ ಅವರು ರಚಿಸಿದ ಪುಟ್ಟ ಮನೆಗಳು, ಹಳೆಯ ಊರಿನೊಡನೆ ಒಡಹುಟ್ಟಿದವುಗಳಂತೆ ಹೊಂದಿಕೊಂಡು ಮೆಚ್ಚುಗೆ ಗಳಿಸಿದವು. ಡನ್‌ಬಾರಿನಲ್ಲಿ ಅವರು ಊರನ್ನು ನೋಡಿ ಕಟ್ಟಿದರು. ಕವೆಂಟ್ರಿಯಲ್ಲಿ ಜನರ ದುಃಖವನ್ನು ಉಳಿಸಿಕೊಂಡು ಕಟ್ಟಿದರು. ಗಾರ್ಬಲ್ಸಿನಲ್ಲಿ ಹಳೆಯದೆಲ್ಲವನ್ನೂ ಮೊದಲೇ ಅಳಿಸಲಾಗಿತ್ತು. ಬರಿದಾದ ನೆಲದ ಮೇಲೆ ಕನಸೊಂದೇ ನಿಲ್ಲಬೇಕಾಯಿತು.

ನಮ್ಮ ಊರುಗಳಲ್ಲಿಯೂ ಮನೆಗಳು ಮುಗಿಲ ಕಡೆಗೆ ಬೆಳೆಯುತ್ತಿವೆ. ಮನೆಯ ಅಂದವನ್ನು ನಕ್ಷೆಯ ಹಾಳೆ ತೋರಿಸೀತು. ಅದರ ಯೋಗ್ಯತೆಯನ್ನು ಹೇಳಬಲ್ಲವರು ಹತ್ತು ಮಳೆಗಾಲಗಳನ್ನು ಅದರಲ್ಲಿ ಕಳೆದವರೇ.