ಹೊಲಮನೆಯ ಗೋಡೆಯಲ್ಲಿ ರೋಮನ್ ದಂಡು

ಉತ್ತರ ಇಂಗ್ಲೆಂಡಿನ ಇರ್ಥಿಂಗ್ ನದಿಯ ಮಗ್ಗುಲಲ್ಲಿ ವಿಲ್ಲೋಫೋರ್ಡ್ ಎಂಬ ಹೊಲಮನೆಯಿದೆ. ಅಲ್ಲಿನ ಕಟ್ಟಡವೊಂದರ ಗೋಡೆಯಲ್ಲಿ, ಬೇರೆ ಕಲ್ಲುಗಳ ಸಾಲಿನಲ್ಲೇ, ಅಕ್ಷರ ಕೊರೆದ ಕಲ್ಲೊಂದು ಕೂತಿದೆ. ಐದನೆಯ ಕೊಹಾರ್ಟ್ (ಸೇನಾ ವಿಭಾಗ), ಗೆಲ್ಲಿಯಸ್ ಫಿಲಿಪ್ಪಸ್‌ನ ತುಕಡಿ: ಇಷ್ಟೇ ಒಕ್ಕಣೆ. ‘ಕಟ್ಟಿದರು’ ಎಂಬ ಕ್ರಿಯಾಪದ ಕೂಡ ಇಲ್ಲ. ನಮ್ಮ ಕಾಮಗಾರಿ ಫಲಕಗಳಿಗಿಂತ ಎಷ್ಟೋ ಮಿತಭಾಷಿ.

ಆ ಕಲ್ಲು ಮೊದಲು ಇದ್ದದ್ದು ಇನ್ನೊಂದು ಗೋಡೆಯಲ್ಲಿ. ಕ್ರಿ.ಶ. 122ರಲ್ಲಿ ಚಕ್ರವರ್ತಿ ಹೇಡ್ರಿಯನ್ ಬ್ರಿಟನ್ನಿಗೆ ಬಂದ ಮೇಲೆ ಎದ್ದ ಆ ಗೋಡೆ ಸುಮಾರು 117 ಕಿ.ಮೀ. ಉದ್ದದ್ದು. ಕಟ್ಟಿದವರು ಸೈನಿಕರೇ. ಹೆಸರಿಗೆ ನೂರು, ಲೆಕ್ಕಕ್ಕೆ ಎಂಬತ್ತು ಆಳಿನ ಒಂದೊಂದು ತುಕಡಿಗೂ ಇಷ್ಟಿಷ್ಟು ಉದ್ದವೆಂದು ಪಾಲು. ಪಾಲು ಮುಗಿಸಿದವರು ದಳಪತಿಯ ಹೆಸರಿನ ಕಲ್ಲನ್ನು ಗೋಡೆಯಲ್ಲಿ ಕೂರಿಸುತ್ತಿದ್ದರು.

ರೋಮನ್ನರು ಹೋದರು, ಗೋಡೆ ಊರವರ ಕಲ್ಲುಗಣಿಯಾಯಿತು. ಕಡಿಯುವ, ಚಪ್ಪಟೆ ಮಾಡುವ ಕೆಲಸವೇ ಇಲ್ಲ. ಗಾಡಿ ಹೂಡಿದರೆ ಸಾಕು. ಬಿಷಪ್ಪರೂ ಹಿಂದೆ ಬೀಳಲಿಲ್ಲ. 674ರ ಸುಮಾರಿಗೆ ವಿಲ್ಫ್ರಿಡ್ ಹೆಕ್ಸಮ್‌ನಲ್ಲಿ ಚರ್ಚು ಕಟ್ಟಿಸಿದಾಗ ನೆಲಮಾಳಿಗೆಗೆ ಬಳಸಿದ್ದು ರೋಮನ್ ಕಲ್ಲುಗಳನ್ನೇ. ಅಲ್ಲೊಂದು ಶಾಸನದಲ್ಲಿ ರಾಜಕುಮಾರ ಗೀಟಾನ ಹೆಸರನ್ನು ಉಳಿಯಿಂದ ಕೆರೆದು ತೆಗೆದಿದ್ದಾರೆ. ಅಣ್ಣ ಕ್ಯಾರಕಲ್ಲಾ ಅವನನ್ನು ಕೊಲ್ಲಿಸಿದ ಮೇಲೆ ಸಾಮ್ರಾಜ್ಯದುದ್ದಕ್ಕೂ ಹೊರಟ ಅಪ್ಪಣೆಯ ಗಾಯವದು. ಚರ್ಚಿನ ಕತ್ತಲಲ್ಲಿ ಇಂದಿಗೂ ಹಾಗೇ ಇದೆ.

ಕಲ್ಲು ಹೊತ್ತ ರೈತರನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ನಿಜವಾದ ನಾಶ ಸರ್ಕಾರದ್ದೇ. 1745ರಲ್ಲಿ ಎದ್ದ ದಂಗೆಯೊಂದರ ಬಳಿಕ ಸೈನ್ಯ ಸಾಗಿಸಲು ರಸ್ತೆ ಬೇಕಾಯಿತು. 1750ರ ದಶಕದಲ್ಲಿ ಗೋಡೆಯನ್ನು ಮೈಲುಗಟ್ಟಲೆ ಕೆಡವಿ, ಕಲ್ಲು ಒಡೆದು ರಸ್ತೆಗೆ ಹಾಸಿದರು. ಅದರಡಿ ಎಷ್ಟು ದಳಪತಿಗಳ ಹೆಸರು ಜಲ್ಲಿಯಾಯಿತೋ! ಮನೆಗಳ, ಕೊಟ್ಟಿಗೆಗಳ ಗೋಡೆ ಸೇರಿದ್ದವು ಮಾತ್ರ ಗಾರೆ ಹಿಡಿದು ಬದುಕಿಕೊಂಡವು. ಮುಂದಿನ ಶತಮಾನದಲ್ಲಿ ಜಾನ್ ಕ್ಲೇಟನ್ ಎಂಬ ವಕೀಲರು ಗೋಡೆಯ ಆಸುಪಾಸಿನ ಜಮೀನುಗಳನ್ನು ಒಂದೊಂದಾಗಿ ಕೊಂಡುಕೊಂಡೇ ಈ ಸಾಗಾಟ ನಿಲ್ಲಿಸಿದರು.

ಈಗ ಕಾನೂನು ತಿರುಗಿ ಕೂತಿದೆ. ಇಂಗ್ಲೆಂಡಿನಲ್ಲಿ ಹಳೆಯ ಮನೆಯೊಂದು ಸಂರಕ್ಷಿತ ಪಟ್ಟಿಗೆ ಸೇರಿದರೆ ಅದರ ಗೋಡೆಗೆ ಕಚ್ಚಿಕೊಂಡ ರೋಮನ್ ಕಲ್ಲೂ ಮನೆಯ ಅಂಗವೇ. ಕೀಳಲು ಒಪ್ಪಿಗೆ ಬೇಕು, ಕೇಳದೆ ಕಿತ್ತರೆ ಅಪರಾಧ. ಮೂಲ ಗೋಡೆಗೇ ಮರಳಿಸುತ್ತೇನೆಂದರೂ ಅಷ್ಟೇ.

2003ರಲ್ಲಿ ತೆರೆದ ಗೋಡೆಯಗುಂಟದ ಕಾಲುದಾರಿ ವಿಲ್ಲೋಫೋರ್ಡ್ ಹೊಲಮನೆಯನ್ನು ಹಾದೇ ಹೋಗುತ್ತದೆ. ರೋಮನ್ ಸೇತುವೆಯ ಬುಡ ನೋಡುವ ಆತುರದಲ್ಲಿ ನಡೆಯುವವರು ಫಿಲಿಪ್ಪಸ್‌ನನ್ನು ದಾಟಿ ಮುಂದೆ ಹೋಗಿಬಿಡುವುದು ಸುಲಭ.