ವಿದ್ಯುತ್ ಮರಳಿದ ಕ್ಷಣ: ನಿಯಂತ್ರಕ ತಯಾರಕರು ಗಮನಿಸಬೇಕಾದ ಪಿನ್‌ಗಳ ವಿಚಾರ

ಪಂಪ್‌ಸೆಟ್ ಸ್ಟಾರ್ಟರ್, ನೀರಿನ ಮಟ್ಟದ ನಿಯಂತ್ರಕ, ಪ್ಯಾಕಿಂಗ್ ಯಂತ್ರ, ಕುಲುಮೆಯ ಉಷ್ಣ ನಿಯಂತ್ರಕ ಮುಂತಾಗಿ ಸಣ್ಣ ಕೈಗಾರಿಕಾ ಘಟಕಗಳಲ್ಲಿ ತಯಾರಾಗುವ ಹತ್ತಾರು ಉಪಕರಣಗಳ ಒಡಲಲ್ಲಿ ಇಂದು ಒಂದು ಮೈಕ್ರೋಕಂಟ್ರೋಲರ್ ಚಿಪ್ ಇರುತ್ತದೆ. ಕಾರ್ಖಾನೆಯ ಮೇಜಿನ ಮೇಲೆ ಇವೆಲ್ಲ ಸರಿಯಾಗಿಯೇ ಕೆಲಸ ಮಾಡುತ್ತವೆ. ತೊಂದರೆ ಕಾಣಿಸಿಕೊಳ್ಳುವುದು ಗ್ರಾಹಕನ ಜಾಗದಲ್ಲಿ, ಅದೂ ಕಡಿತಗೊಂಡ ವಿದ್ಯುತ್ ಮರಳಿ ಬಂದ ಕ್ಷಣದಲ್ಲಿ. ಯಾರೂ ಗುಂಡಿ ಒತ್ತದಿದ್ದರೂ ರಿಲೇ ಒಮ್ಮೆ ‘ಟಕ್’ ಎನ್ನುತ್ತದೆ, ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆ, ಮೋಟಾರು ಒಂದು ಸುತ್ತು ತಿರುಗುತ್ತದೆ. ಆ ಹೊತ್ತಿಗೆ ಬೆಲ್ಟ್ ಸರಿಪಡಿಸಲು ಯಾರಾದರೂ ಕೈಯಿಟ್ಟಿದ್ದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಯಂತ್ರಗಳ ವಿದ್ಯುತ್ ಸಾಧನಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐಇಸಿ 60204-1 ಸಹ, ವಿದ್ಯುತ್ ಮರಳಿದಾಗ ಯಂತ್ರವು ಅಪಾಯವಾಗುವಂತೆ ತಾನಾಗಿ ಚಾಲೂ ಆಗುವುದನ್ನು ತಡೆಯಬೇಕೆಂದು ವಿಧಿಸುತ್ತದೆ.

ಇಂತಹ ದೂರು ಬಂದಾಗ ರಿಲೇ ಬದಲಿಸುವುದು, ಟ್ರಾನ್ಸ್‌ಫಾರ್ಮರನ್ನು ಶಂಕಿಸುವುದು ವಾಡಿಕೆ. ಅನೇಕ ಸಲ ಕಾರಣವಿರುವುದು ಫರ್ಮ್‌ವೇರಿನ ಮೊದಲ ಹತ್ತು ಸಾಲುಗಳಲ್ಲಿ, ಚಿಪ್ಪಿನ ಪಿನ್‌ಗಳಿಗೆ ಕೆಲಸ ಹಂಚುವ ಭಾಗದಲ್ಲಿ.

ಪಿನ್ ಹುಟ್ಟಿನಿಂದಲೇ ಒಳಬರುವ ಸಂಕೇತಕ್ಕೆ ಅಥವಾ ಹೊರಹೋಗುವ ಆಜ್ಞೆಗೆ ಮೀಸಲಾಗಿರುವುದಿಲ್ಲ. ಆ ನಿರ್ಧಾರವನ್ನು ಪ್ರತಿ ಸಲ ವಿದ್ಯುತ್ ಬಂದಾಗಲೂ ಫರ್ಮ್‌ವೇರ್ ಹೊಸದಾಗಿ ಬರೆಯಬೇಕು. ಅದನ್ನು ಬರೆಯುವವರೆಗೆ ಪಿನ್ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದು ಚಿಪ್ಪಿನಿಂದ ಚಿಪ್ಪಿಗೆ ಬೇರೆ. ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೂ ಪರಿಚಿತವಾದ 8051 ಕುಟುಂಬದಲ್ಲಿ ರೀಸೆಟ್ ಆದೊಡನೆ ಪೋರ್ಟ್‌ಗಳಲ್ಲಿ ‘1’ ತುಂಬಿಕೊಳ್ಳುತ್ತದೆ. ಆದ್ದರಿಂದಲೇ ಅದರ ಸುತ್ತ ರಚಿಸಿದ ಸರ್ಕ್ಯೂಟ್‌ಗಳಲ್ಲಿ ಪಿನ್ ‘0’ ಆದಾಗ ರಿಲೇ ಎಳೆಯುವ ಪದ್ಧತಿ ಬೇರೂರಿತು. ಎವಿಆರ್ ಬಗೆಯ ಎಟಿಮೆಗಾ328ಪಿ ಚಿಪ್ಪಿನಲ್ಲಾದರೋ ಪಿನ್‌ಗಳು ಅತ್ತಲೂ ಅಲ್ಲದ, ಇತ್ತಲೂ ಅಲ್ಲದ ತೇಲುವ ಸ್ಥಿತಿಯಲ್ಲಿರುತ್ತವೆ. ಎಸ್‌ಟಿಎಂ32ಎಫ್103 ಚಿಪ್ಪಿನ ಬಹುಪಾಲು ಪಿನ್‌ಗಳದೂ ಇದೇ ಕಥೆ. ಆದರೆ ಪಿಎ13, ಪಿಎ14, ಪಿಎ15, ಪಿಬಿ3, ಪಿಬಿ4 ಎಂಬ ಐದು ಪಿನ್‌ಗಳು ಆರಂಭದಲ್ಲಿ ಪ್ರೋಗ್ರಾಮಿಂಗ್ ಮತ್ತು ದೋಷ ಪರಿಶೀಲನೆಯ ಕೆಲಸಕ್ಕೆ ಸೇರಿರುತ್ತವೆ. ಇಎಸ್‌ಪಿ32 ಚಿಪ್ಪಿನಲ್ಲಿ 34ರಿಂದ 39ರವರೆಗಿನ ಪಿನ್‌ಗಳು ಸಂಕೇತ ಪಡೆಯಬಲ್ಲವೇ ಹೊರತು ಕೊಡಲಾರವು. ಅದರ 12ನೇ ಪಿನ್ ಪ್ರಾರಂಭದ ಕ್ಷಣದಲ್ಲಿ ಮೇಲಿನ ಮಟ್ಟದಲ್ಲಿದ್ದರೆ ಫ್ಲ್ಯಾಶ್ ಮೆಮೊರಿಗೆ 1.8 ವೋಲ್ಟ್ ಆಯ್ಕೆಯಾಗಿ, 3.3 ವೋಲ್ಟ್ ಮೆಮೊರಿಯಿರುವ ಫಲಕ ಏಳುವುದೇ ಇಲ್ಲ. ಆ ಪಿನ್ನಿಗೆ ಫ್ಲೋಟ್ ಸ್ವಿಚ್ ಜೋಡಿಸಿದ ನಿಯಂತ್ರಕವು ತೊಟ್ಟಿ ತುಂಬಿದ್ದಾಗ ಒಂದು ರೀತಿ, ಖಾಲಿಯಿದ್ದಾಗ ಇನ್ನೊಂದು ರೀತಿ ವರ್ತಿಸಿದರೆ ಆಶ್ಚರ್ಯವಿಲ್ಲ.

ಮೊದಲು ಮಟ್ಟ, ನಂತರ ದಿಕ್ಕು

ಅತಿ ಸಾಮಾನ್ಯ ದೋಷವೆಂದರೆ ಬರವಣಿಗೆಯ ಕ್ರಮದ್ದು. ಎವಿಆರ್ ಚಿಪ್ಪಿನಲ್ಲಿ ದಿಕ್ಕಿಗೊಂದು ರಿಜಿಸ್ಟರ್, ಮಟ್ಟಕ್ಕೊಂದು ರಿಜಿಸ್ಟರ್ ಇರುತ್ತದೆ. ರೀಸೆಟ್ ಆದಾಗ ಎರಡರಲ್ಲೂ ಸೊನ್ನೆ. ‘0’ ಬಂದಾಗ ಎಳೆಯುವ ರಿಲೇಗೆ ಜೋಡಿಸಿದ ಪಿನ್ನನ್ನು ಮೊದಲು ಹೊರದಿಕ್ಕಿಗೆ ತಿರುಗಿಸಿ ನಂತರ ‘1’ ಬರೆದರೆ, ನಡುವಿನ ಅವಧಿಯಲ್ಲಿ ಅದು ‘0’ ಹೊರಡಿಸುತ್ತಲೇ ಇರುತ್ತದೆ. ಆ ಅವಧಿ ಮೈಕ್ರೋಸೆಕೆಂಡುಗಳಷ್ಟಿದ್ದರೆ ರಿಲೇ ಅಲುಗದು, ಏಕೆಂದರೆ ಅದಕ್ಕೆ ಹಲವು ಮಿಲಿಸೆಕೆಂಡುಗಳು ಬೇಕು. ಆದರೆ ಪ್ರೋಗ್ರಾಮರ್ ಎರಡು ಸಾಲುಗಳ ನಡುವೆ ಎಲ್‌ಸಿಡಿ ಪರದೆಯನ್ನು ಸಿದ್ಧಗೊಳಿಸುವ ಭಾಗವನ್ನು ಸೇರಿಸಿದ್ದರೆ? ಎಚ್‌ಡಿ44780 ಬಗೆಯ ಪರದೆಗೆ ವಿದ್ಯುತ್ ಬಂದ ಮೇಲೆ 15 ಮಿಲಿಸೆಕೆಂಡಿಗೂ ಹೆಚ್ಚು ಕಾಯಬೇಕು. ಅಷ್ಟರಲ್ಲಿ ರಿಲೇ ಎಳೆದಾಗಿರುತ್ತದೆ. ಟ್ರಯಾಕ್ ಇದ್ದಲ್ಲಿ ಇನ್ನೂ ಕಷ್ಟ; ಒಮ್ಮೆ ಪ್ರಚೋದನೆಗೊಂಡರೆ ಆ ಅರ್ಧ ಆವರ್ತ ಮುಗಿಯುವವರೆಗೆ ಅದು ಆರುವುದಿಲ್ಲ.

ಪರಿಹಾರ ಸರಳ. ಮಟ್ಟವನ್ನು ಮೊದಲು ಬರೆದು, ದಿಕ್ಕನ್ನು ಅನಂತರ ತಿರುಗಿಸಬೇಕು; ಉಳಿದೆಲ್ಲ ಸಿದ್ಧತೆ ಆಮೇಲೆ. ಎಸ್‌ಟಿಎಂ32 ಚಿಪ್ಪಿನಲ್ಲಿ ಇದಕ್ಕೂ ಮುನ್ನ ಆ ಪೋರ್ಟಿನ ಕ್ಲಾಕ್ ಚಾಲೂ ಮಾಡಬೇಕು, ಇಲ್ಲವಾದರೆ ಬರೆದ ಆಜ್ಞೆ ಯಾವ ಸೂಚನೆಯನ್ನೂ ನೀಡದೆ ವ್ಯರ್ಥವಾಗುತ್ತದೆ.

ಫರ್ಮ್‌ವೇರ್ ಎಷ್ಟೇ ಚೊಕ್ಕವಾಗಿದ್ದರೂ ಅದು ಓಡಲಾರಂಭಿಸುವ ಮುಂಚಿನ ಸ್ಥಿತಿಯನ್ನು ಕಾಯಲಾರದು. ರೀಸೆಟ್ ಹಿಡಿದಿರುವಾಗ, ಚಿಪ್ಪಿಗೆ ಪ್ರೋಗ್ರಾಮ್ ತುಂಬುವಾಗ, ವೋಲ್ಟೇಜ್ ಕುಸಿದಾಗ ಪಿನ್ ತೇಲುತ್ತದೆ. ಮಾಸ್ಫೆಟ್ಟಿನ ಗೇಟಿನಿಂದ ಗ್ರೌಂಡಿಗೆ, ಅಥವಾ ‘0’ಗೆ ಎಳೆಯುವ ವಿನ್ಯಾಸವಾದರೆ ಧನ ವೋಲ್ಟೇಜಿಗೆ, ಒಂದು 10 ಕಿಲೋಓಮ್ ರೆಸಿಸ್ಟರ್ ಹಾಕುವುದೇ ಇದಕ್ಕೆ ದಾರಿ. ಸಗಟಾಗಿ ಕೊಂಡರೆ ಅದರ ಬೆಲೆ ಕೆಲವು ಪೈಸೆ. ಇದನ್ನು ಉಳಿಸಲು ಹೋಗಿ ಮೆಕ್ಯಾನಿಕ್ಕನ್ನು ಹಳ್ಳಿಯಿಂದ ಹಳ್ಳಿಗೆ ಕಳುಹಿಸುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ಒಳಬರುವ ಸಂಕೇತಗಳ ವಿಷಯದಲ್ಲಿ ಅಗ್ಗದ ಮಾರ್ಗವೆಂದರೆ ಚಿಪ್ಪಿನೊಳಗಿನ ಪುಲ್-ಅಪ್ ರೆಸಿಸ್ಟರನ್ನೇ ನೆಚ್ಚುವುದು. ಎಟಿಮೆಗಾದಲ್ಲಿ ಅದು 20ರಿಂದ 50 ಕಿಲೋಓಮ್. ಫಲಕದ ಮೇಲಿನ ಗುಂಡಿಗೆ ಸಾಕು. ಮೋಟಾರಿನ ಕೇಬಲ್ಲಿನ ಪಕ್ಕದಲ್ಲೇ ಮೀಟರುಗಟ್ಟಲೆ ಹಾಯುವ ಫ್ಲೋಟ್ ಸ್ವಿಚ್ಚಿನ ತಂತಿಗೆ ಏನೇನೂ ಸಾಲದು. ಹೊರಗಿನಿಂದ ಬರುವ ತಂತಿಗಳಿಗೆ ಆಪ್ಟೊಕಪ್ಲರ್ ಇರಲೇಬೇಕು. ‘ನಿಲ್ಲಿಸು’ ಗುಂಡಿಯಂತೂ ಒತ್ತಿದಾಗ ಸಂಪರ್ಕ ಕಡಿಯುವ ಬಗೆಯದಾಗಿರಲಿ. ತಂತಿ ತುಂಡಾದರೂ ಯಂತ್ರ ನಿಲ್ಲುತ್ತದೆ.

ಬದಲಿ ಚಿಪ್‌ಗಳ ಪ್ರಶ್ನೆ

2021ರ ಚಿಪ್ ಅಭಾವದ ಕಾಲದಲ್ಲಿ ಸಿಕ್ಕಿದ ಬದಲಿ ಚಿಪ್ ಹಾಕಿ ಆರ್ಡರ್ ಪೂರೈಸುವುದು ಅನೇಕ ತಯಾರಕರಿಗೆ ಅನಿವಾರ್ಯವಾಗಿತ್ತು. ‘ಪಿನ್‌ಗೆ ಪಿನ್ ಹೊಂದುತ್ತದೆ’ ಎಂಬ ವ್ಯಾಪಾರಿಯ ಮಾತು ಕಾಲುಗಳ ಸಂಖ್ಯೆಗೂ ಅಳತೆಗೂ ಅನ್ವಯಿಸುತ್ತದೆಯೇ ವಿನಾ ರೀಸೆಟ್ ಸ್ಥಿತಿಗಾಗಲಿ, ಕರೆಂಟಿನ ಮಿತಿಗಾಗಲಿ ಅಲ್ಲ. ಎಟಿಮೆಗಾ328ಪಿ ಚಿಪ್ಪಿನ ಒಂದು ಪಿನ್ನಿನ ಪರಮಾವಧಿ ಮಿತಿ 40 ಮಿಲಿಆಂಪಿಯರ್. ಎಸ್‌ಟಿಎಂ32ಎಫ್103ರ ಪಿಸಿ13ರಿಂದ ಪಿಸಿ15ರವರೆಗಿನ ಪಿನ್‌ಗಳಿಗೆ ಕೇವಲ 3.

ಫರ್ಮ್‌ವೇರ್ ಕೆಲಸವನ್ನು ಹೊರಗಿನವರಿಗೆ ವಹಿಸುವ ಘಟಕಗಳು ವರ್ಕ್ ಆರ್ಡರಿನೊಂದಿಗೇ ಪಿನ್ ಪಟ್ಟಿಯೊಂದನ್ನು ಕೇಳಿ ಪಡೆಯುವುದು ಲೇಸು. ಪ್ರತಿ ಪಿನ್ನಿನ ಕೆಲಸ, ದಿಕ್ಕು, ಯಾವ ಮಟ್ಟದಲ್ಲಿ ಅದು ಸಕ್ರಿಯ, ರೀಸೆಟ್‌ನಲ್ಲಿ ಅದರ ಸ್ಥಿತಿ, ಹೊರಗಿನ ರೆಸಿಸ್ಟರ್ ಇವೆಲ್ಲ ಒಂದೇ ಹಾಳೆಯಲ್ಲಿ ಬರುತ್ತವೆ. ಬರೆದುಕೊಟ್ಟವರು ಊರು ಬಿಟ್ಟರೂ ಮುಂದಿನವರಿಗೆ ಆ ಹಾಳೆ ದಾರಿ ತೋರಿಸುತ್ತದೆ. ವೋಲ್ಟೇಜ್ ಕುಸಿದಾಗ ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿಯುವ ಬ್ರೌನ್-ಔಟ್ ಸೌಲಭ್ಯ ಚಾಲೂ ಇದೆಯೇ ಎಂದೂ ಅದರಲ್ಲಿ ನಮೂದಿಸಬೇಕು. ಎಟಿಮೆಗಾ328ಪಿ ಕಾರ್ಖಾನೆಯಿಂದ ಬರುವಾಗ ಅದು ಆರಿಸಿದ ಸ್ಥಿತಿಯಲ್ಲಿರುತ್ತದೆ.

ರವಾನೆಗೆ ಮುನ್ನ ಮೋಟಾರಿನ ಬದಲು ದೀಪ ಜೋಡಿಸಿ, 50 ಬಾರಿ ವಿದ್ಯುತ್ ತೆಗೆದು ಕೊಟ್ಟು ನೋಡಬೇಕು. ಡಿಮ್ಮರ್‌ಸ್ಟ್ಯಾಟ್‌ನಿಂದ ವೋಲ್ಟೇಜನ್ನು ಮೆಲ್ಲಗೆ ಏರಿಸಿ, ಮೆಲ್ಲಗೆ ಇಳಿಸಿಯೂ ನೋಡಬೇಕು. ಕ್ಷಣಿಕ ಮಿಡಿತ ದೀಪದಲ್ಲಿ ಕಣ್ಣಿಗೆ ಬೀಳದಿರಬಹುದು. ಅದಕ್ಕೆ ಆಸಿಲೋಸ್ಕೋಪನ್ನು ಒಮ್ಮೆ ಮಾತ್ರ ಸೆರೆಹಿಡಿಯುವ ಕ್ರಮದಲ್ಲಿಟ್ಟು ರಿಲೇ ಚಾಲಕ ಪಿನ್ನಿಗೆ ಜೋಡಿಸಿದರೆ ಸಾಕು, ವಿದ್ಯುತ್ ಕೊಟ್ಟಾಗ ಗೆರೆ ಅಲುಗಿತೋ ಇಲ್ಲವೋ ಪರದೆಯ ಮೇಲೆ ಉಳಿಯುತ್ತದೆ.