ಪೆಟ್ಟಿಗೆ ಬದಲಿಸುವ ಮುನ್ನ

ಮೋಟಾರು ಕಾರಿನಲ್ಲಿ ಓಟಕ್ಕೆ ಸೇರಿದ ಭಾಗಗಳು ಬೇರೆ, ಒಡಲಿಗೆ ಸೇರಿದ ಭಾಗಗಳು ಬೇರೆ. ಎಂಜಿನ್, ಗೇರು, ಬ್ರೇಕುಗಳು ಮೊದಲನೆಯ ಗುಂಪಿನವು. ದೀಪ, ಹಾರನ್ನು, ವೈಪರು, ಬಾಗಿಲಿನ ಬೀಗ, ಕಿಟಕಿಯ ಗಾಜು ಎರಡನೆಯ ಗುಂಪಿನವು. ಹಿಂದಿನ ಅಂಬಾಸಡರ್, ಫಿಯಟ್ ಕಾರುಗಳಲ್ಲಿ ಈ ಎರಡನೆಯ ಗುಂಪಿನಲ್ಲಿ ವಿದ್ಯುತ್ತಿನಿಂದ ನಡೆಯುವ ಒಂದೊಂದಕ್ಕೂ ತನ್ನದೇ ಸ್ವಿಚ್ಚು, ತನ್ನದೇ ತಂತಿ ಇರುತ್ತಿತ್ತು. ದೀಪ ಹೊತ್ತದಿದ್ದರೆ ಮಿಸ್ತ್ರಿಯು ತಂತಿಯ ಜಾಡು ಹಿಡಿದು ಹೋಗಿ ಕಡಿದ ಜಾಗವನ್ನು ಕಂಡುಹಿಡಿಯುತ್ತಿದ್ದನು. ಅವನಿಗೆ ಬೇಕಾದುದು ಒಂದು ಟೆಸ್ಟ್ ಲ್ಯಾಂಪು, ಒಂದಿಷ್ಟು ತಾಳ್ಮೆ.

ಇಂದಿನ ಕಾರಿನಲ್ಲಿ ಈ ವ್ಯವಸ್ಥೆ ಮಾರ್ಪಟ್ಟಿದೆ. ಒಡಲಿನ ಕೆಲಸಗಳಲ್ಲಿ ಬಹುಪಾಲು ಒಂದೇ ಪೆಟ್ಟಿಗೆಯ ಅಧೀನವಾಗಿವೆ. ಅದಕ್ಕೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂದು ಹೆಸರು. ಗ್ಯಾರೇಜಿನವರ ಬಾಯಲ್ಲಿ ಅದು ಬಿಸಿಎಂ. ಕನ್ನಡದಲ್ಲಿ ಹೇಳುವುದಾದರೆ ಒಡಲ ನಿಯಂತ್ರಣದ ಪೆಟ್ಟಿಗೆ. ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕೆಳಗೆ, ಚಾಲಕನ ಕಾಲಿನ ಪಕ್ಕದಲ್ಲಿ ಅಥವಾ ಫ್ಯೂಜುಗಳ ಪೆಟ್ಟಿಗೆಯ ಹಿಂದೆ ಅದು ಅಡಗಿರುತ್ತದೆ. ನಾವು ದೀಪದ ಸ್ವಿಚ್ಚನ್ನು ಒತ್ತಿದಾಗ ವಿದ್ಯುತ್ತು ನೇರವಾಗಿ ದೀಪಕ್ಕೆ ಹರಿಯುವುದಿಲ್ಲ. ಸ್ವಿಚ್ಚು ಪೆಟ್ಟಿಗೆಗೆ ಬಿನ್ನಹ ಮಾಡುತ್ತದೆ. ಪೆಟ್ಟಿಗೆ ತನ್ನಲ್ಲಿ ಬರೆದಿಟ್ಟ ನಿಯಮವನ್ನು ನೋಡಿ ದೀಪಕ್ಕೆ ವಿದ್ಯುತ್ತನ್ನು ಬಿಡುತ್ತದೆ. ಅನೇಕ ಕಾರುಗಳಲ್ಲಿ ಕೀಲಿಯ ಗುರುತು ಹಿಡಿದು, ಈ ಕೀಲಿ ಈ ಕಾರಿನದು ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಹೊಣೆಯೂ ಇದರದೇ.

ಈ ಪೆಟ್ಟಿಗೆ ಒಂಟಿಯಲ್ಲ. ಎಂಜಿನ್ನಿಗೆ ಒಂದು, ಬ್ರೇಕಿಗೆ ಒಂದು, ಗಾಳಿಚೀಲಕ್ಕೆ ಒಂದು, ಹೀಗೆ ಹಲವು ಪೆಟ್ಟಿಗೆಗಳಿದ್ದು ಅವು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುತ್ತವೆ. ಆ ಮಾತಿನ ಕಟ್ಟಳೆಗೆ ಕ್ಯಾನ್ ಎಂದು ಹೆಸರು. ಜರ್ಮನಿಯ ಬಾಷ್ ಸಂಸ್ಥೆ 1983ರಲ್ಲಿ ಅದರ ಕೆಲಸವನ್ನು ತೊಡಗಿ 1986ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಲೋಕದ ಮುಂದಿಟ್ಟಿತು. ಹೆಣೆದ ಎರಡೇ ತಂತಿಗಳ ಮೇಲೆ ಎಲ್ಲ ಪೆಟ್ಟಿಗೆಗಳ ಮಾತೂ ಓಡಾಡುತ್ತದೆ. ಇದನ್ನು ಊರ ಕಟ್ಟೆಯ ಪಂಚಾಯಿತಿಗೆ ಹೋಲಿಸಬಹುದು. ಒಬ್ಬನು ಆಡಿದ ಮಾತು ಎಲ್ಲರಿಗೂ ಕೇಳಿಸುತ್ತದೆ; ಬೇಕಾದವನು ಮಾತ್ರ ಕಿವಿಗೊಡುತ್ತಾನೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ, ಹೆಚ್ಚು ಜರೂರಿನ ಮಾತಿಗೆ ದಾರಿ ಬಿಟ್ಟು ಇನ್ನೊಬ್ಬನು ಸುಮ್ಮನಾಗುತ್ತಾನೆ. ತಂತಿಯ ಭಾರ ಇದರಿಂದ ಎಷ್ಟೋ ಇಳಿಯಿತು, ಅನುಕೂಲ ಬೆಳೆಯಿತು. ಆದರೆ ದೋಷದ ಜಾಡು ಮಾತ್ರ ಕಣ್ಣಿಗೆ ಕಾಣದಂತಾಯಿತು.

ಬಿಸಿಎಂ ಕೆಟ್ಟಾಗ ತೋರುವ ಲಕ್ಷಣಗಳು ವಿಚಿತ್ರವಾಗಿರುತ್ತವೆ. ಮಳೆಯಿಲ್ಲದೆ ವೈಪರು ಆಡುತ್ತದೆ, ಬಾಗಿಲುಗಳು ತಾವೇ ಬೀಗ ಹಾಕಿಕೊಳ್ಳುತ್ತವೆ, ಒಳದೀಪ ಆರುವುದಿಲ್ಲ, ಒಂದೇ ರಾತ್ರಿಯಲ್ಲಿ ಬ್ಯಾಟರಿ ಬರಿದಾಗುತ್ತದೆ, ಕೀಲಿ ತಿರುಗಿಸಿದರೂ ಎಂಜಿನ್ನು ಏಳುವುದಿಲ್ಲ. ಆದರೆ ಪೆಟ್ಟಿಗೆ ಕೆಡದಿದ್ದಾಗಲೂ ಇವೇ ಲಕ್ಷಣಗಳು ತೋರಬಲ್ಲವು. ತೊಡಕು ಇರುವುದೇ ಇಲ್ಲಿ.

ಚಿದ್ರಿಯಲ್ಲಿ ನಮ್ಮ ನೆರೆಯವರೊಬ್ಬರು ನಿವೃತ್ತ ಶಿಕ್ಷಕರು. ಒಂದು ಮಳೆಗಾಲದಲ್ಲಿ ಅವರ ಕಾರು ಹೀಗೆಯೇ ಮೊಂಡಾಟ ಹೂಡಿತು. ಬೇರೆ ಊರಿನ ದೊಡ್ಡ ಕಾರ್ಯಾಗಾರವೊಂದರಲ್ಲಿ ತೋರಿಸಿದಾಗ, ಬಿಸಿಎಂ ಹೋಗಿದೆ, ಹೊಸದು ತರಿಸಬೇಕು ಎಂದು ಹೇಳಿ ಅವರ ಎರಡು ತಿಂಗಳ ಪಿಂಚಣಿಯನ್ನು ಮೀರುವ ಅಂದಾಜು ಪಟ್ಟಿಯನ್ನು ಕೈಗಿತ್ತರು. ಅವರು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನಮ್ಮ ಬೀದಿಯ ಮಿಸ್ತ್ರಿಯ ಬಳಿಗೆ ಬಂದರು. ನಾನೂ ಜೊತೆಯಲ್ಲಿದ್ದೆ. ಮಿಸ್ತ್ರಿ ಹೇಳಿದ: “ಡಬ್ಬಿ ಹೋಗ್ಯಾದ ಅಂತ ಹೇಳೋದು ಸಸಾರ ಅದರಿ ಸರ. ಡಬ್ಬಿಗಿ ಕರೆಂಟ್ ಸರಿ ಬರ್ತದೋ ಇಲ್ಲೋ ಅದು ಮೊದಲ ನೋಡಬೇಕ್ರಿ.” ಮುಂಗಾಜಿನ ಕೆಳಗಿನ ಜಾಲರಿಯನ್ನು ಬಿಚ್ಚಿದರೆ ನೀರು ಹೋಗುವ ತೂತು ಬೇವಿನೆಲೆಯಿಂದ ಮುಚ್ಚಿಹೋಗಿತ್ತು. ನಿಂತ ನೀರು ಒಳಕ್ಕೆ ಜಿನುಗಿ ತಂತಿಯ ಕೂಡುಗಟ್ಟಿಗೆ ಹಸಿರು ಕಿಲುಬು ಹತ್ತಿಸಿತ್ತು. ತೂತು ಬಿಡಿಸಿ, ಕಿಲುಬು ಉಜ್ಜಿ, ಅರ್ತ್ ತಂತಿಯ ಬೋಲ್ಟನ್ನು ಕೆರೆದು ಬಿಗಿದ ಮೇಲೆ ಕಾರು ಸರಿಹೋಯಿತು. ಪೆಟ್ಟಿಗೆ ಹಳೆಯದೇ ಉಳಿಯಿತು.

ನಮ್ಮ ಬೀದರಿನವರಿಗೆ ಈ ಕ್ರಮ ಹೊಸದಾಗಿ ತೋರಬೇಕಾಗಿಲ್ಲ. ನೌಬಾದಿನ ಕರೇಜ್ ಅಥವಾ ಸುರಂಗ ಬಾವಿಯನ್ನು ನೋಡಿದವರಿಗೆ ಗೊತ್ತು: ಬಹಮನಿಗಳ ಕಾಲದ ಆ ನೆಲದೊಳಗಿನ ಕಾಲುವೆಯ ಉದ್ದಕ್ಕೂ ಅಲ್ಲಲ್ಲಿ ಗಾಳಿಬಾವಿಗಳಿವೆ. ಅಂತಹ ಕಾಲುವೆಯ ತುದಿಯಲ್ಲಿ ನೀರು ಬಾರದಿದ್ದರೆ ಸೆಲೆಯೇ ಬತ್ತಿತೆಂದು ಒಮ್ಮೆಗೇ ತೀರ್ಮಾನಿಸುವಂತಿಲ್ಲ. ಒಂದೊಂದೇ ಬಾವಿಯಲ್ಲಿ ಇಣುಕಿ, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡಬೇಕು. ಕಾರಿನ ತಂತಿಯ ಜಾಲಕ್ಕೂ ಇಂತಹ ಇಣುಕುಬಾವಿಗಳುಂಟು.

ಮೊದಲನೆಯದು ಬ್ಯಾಟರಿ. ನಿಂತ ಕಾರಿನಲ್ಲಿ ಪೂರ್ತಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಬೇಕು. ಎಂಜಿನ್ನು ಓಡುವಾಗ ಸುಮಾರು 14 ವೋಲ್ಟ್ ಇರಬೇಕು. ಸೊರಗಿದ ಬ್ಯಾಟರಿ ಒಳ್ಳೆಯ ಪೆಟ್ಟಿಗೆಯನ್ನೂ ಹುಚ್ಚೆಬ್ಬಿಸುತ್ತದೆ. ಎರಡನೆಯದು ಫ್ಯೂಜುಗಳು ಮತ್ತು ಅರ್ತ್. ದೀಪ ಉರಿಯುತ್ತಿರುವಾಗ ಪೆಟ್ಟಿಗೆಯ ಅರ್ತ್ ತಂತಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ಅಳೆದರೆ 0.2 ವೋಲ್ಟನ್ನು ಮೀರಬಾರದು. ಮೀರಿದರೆ ದೋಷ ದಾರಿಯಲ್ಲಿದೆ. ಮೂರನೆಯದು ಮಾತಿನ ತಂತಿ. ಬ್ಯಾಟರಿ ಕಳಚಿ ಕ್ಯಾನ್ ತಂತಿಗಳ ನಡುವೆ ಅಳೆದರೆ ಬಹುತೇಕ ಕಾರುಗಳಲ್ಲಿ 60 ಓಮ್ ಸಿಗುತ್ತದೆ, ಏಕೆಂದರೆ ಎರಡು ಕೊನೆಗಳಲ್ಲಿ 120 ಓಮಿನ ಒಂದೊಂದು ತಡೆ ಇರುತ್ತದೆ. 120 ಸಿಕ್ಕಿದರೆ ಎಲ್ಲಿಯೋ ತಂತಿ ಕಡಿದಿರಬಹುದು; ಇಲಿ ಕಡಿದಿರುವುದೂ ಅಪರೂಪವಲ್ಲ. ನಾಲ್ಕನೆಯದು ಸ್ಕ್ಯಾನರು. ಅದು ತೋರುವ ದೋಷಸಂಖ್ಯೆಯ ಮೊದಲಕ್ಷರ ಬಿ ಆದರೆ ಒಡಲಿನ ದೋಷ, ಯು ಆದರೆ ಪೆಟ್ಟಿಗೆಗಳ ನಡುವಣ ಮಾತು ಕಡಿದ ದೋಷ. ಆದರೆ ದೋಷಸಂಖ್ಯೆ ಹುಡುಕಬೇಕಾದ ಕೇರಿಯನ್ನು ಹೇಳುತ್ತದೆಯೇ ಹೊರತು ಮನೆಯನ್ನು ಹೇಳುವುದಿಲ್ಲ. ಪೆಟ್ಟಿಗೆಯೊಳಗೆ ಸರಿಯಾದ ವಿದ್ಯುತ್ತು, ಸರಿಯಾದ ಬಿನ್ನಹ ಎರಡೂ ಬರುತ್ತಿದ್ದು, ಹೊರಗೆ ಮಾತ್ರ ಏನೂ ಹೊರಡದಿದ್ದರೆ ಆಗ ಪೆಟ್ಟಿಗೆ ಕೆಟ್ಟಿದೆ ಎನ್ನುವುದು ನ್ಯಾಯ.

ಹಾಗೆ ನಿಶ್ಚಯವಾದ ಮೇಲೆ ಬದಲಿಸುವ ಕೆಲಸ. ಇದರಲ್ಲಿ ಕೈಕೆಲಸ ಅಲ್ಪ. ಹಳೆಯ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಗುರುತು ಹಾಕಿಕೊಂಡು ಅದೇ ಸಂಖ್ಯೆಯದನ್ನು, ಇಲ್ಲವೆ ತಯಾರಕರು ಅದಕ್ಕೆ ಬದಲೆಂದು ಒಪ್ಪಿದುದನ್ನು ತರಿಸಬೇಕು. ಹಳೆಯದರಲ್ಲಿ ಇನ್ನೂ ಉಸಿರಿದ್ದರೆ ಅದರೊಳಗಿನ ಬರಹವನ್ನು ಸ್ಕ್ಯಾನರಿನಿಂದ ಮೊದಲೇ ಓದಿ ಕಾಪಿಡಬೇಕು. ಬಳಿಕ ಕೀಲಿ ತೆಗೆದು, ಬ್ಯಾಟರಿಯ ಋಣ ತುದಿಯನ್ನು ಕಳಚಿ, ಕೆಲವು ನಿಮಿಷ ಕಾಯಬೇಕು. ಸನಿಹದಲ್ಲಿ ಗಾಳಿಚೀಲದ ಹಳದಿ ತಂತಿಗಳಿದ್ದರೆ ಕೈ ಹಾಕಬಾರದು. ಪ್ಲಗ್ಗುಗಳನ್ನು ಅವುಗಳ ಚಿಲಕ ಒತ್ತಿ ಬಿಡಿಸಬೇಕು, ತಂತಿ ಹಿಡಿದು ಎಳೆಯಲಾಗದು. ಹೊಸದನ್ನು ಮುಟ್ಟುವ ಮುನ್ನ ಕಾರಿನ ಲೋಹವನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಇಳಿಸಿಕೊಳ್ಳಬೇಕು. ಇಷ್ಟು ಕೆಲಸ ಅರ್ಧ ಗಂಟೆಯದು, ಹೆಚ್ಚೆಂದರೆ ಒಂದು ಗಂಟೆಯದು.

ನಿಜವಾದ ಕೆಲಸ ಇದರ ನಂತರ ಮೊದಲಾಗುತ್ತದೆ. ಹೊಸ ಪೆಟ್ಟಿಗೆಗೆ ತಾನು ಯಾವ ಕಾರಿನಲ್ಲಿ ಕುಳಿತಿದ್ದೇನೆಂಬ ಅರಿವಿಲ್ಲ. ಅದಕ್ಕೆ ಕಾರಿನ 17 ಅಕ್ಷರಗಳ ಚಾಸಿಸ್ ಸಂಖ್ಯೆಯನ್ನು ಬರೆಯಬೇಕು. ಈ ಕಾರಿಗೆ ಮಂಜುದೀಪ ಉಂಟೇ, ಹಿಂದಿನ ವೈಪರು ಉಂಟೇ, ಕಿಟಕಿಗಳು ಎಷ್ಟು ಎಂಬುದನ್ನೆಲ್ಲ ತಿಳಿಸಬೇಕು. ಮನೆಯಲ್ಲಿರುವ ಎಲ್ಲ ಕೀಲಿಗಳನ್ನೂ ಎದುರಿಗಿಟ್ಟು ಒಂದೊಂದಾಗಿ ಪರಿಚಯ ಮಾಡಿಸಬೇಕು. ಈ ಬರವಣಿಗೆಯ ನಡುವೆ ಬ್ಯಾಟರಿ ಕುಸಿದರೆ ಹೊಸ ಪೆಟ್ಟಿಗೆಯೂ ಹಾಳಾಗಬಹುದು. ಆದುದರಿಂದ ಹೊರಗಿನಿಂದ ಸ್ಥಿರವಾದ ವಿದ್ಯುತ್ತನ್ನು ಒದಗಿಸಿಕೊಳ್ಳುವುದು ಅವಶ್ಯ. ಗುಜರಿಯಿಂದ ತಂದ ಹಳೆಯ ಪೆಟ್ಟಿಗೆ ಅಗ್ಗವೇನೋ ನಿಜ. ಆದರೆ ಅದರೊಳಗೆ ಇನ್ನೊಂದು ಕಾರಿನ ನೆನಪು ತುಂಬಿರುತ್ತದೆ. ಆ ನೆನಪನ್ನು ಅಳಿಸಿ ನಮ್ಮದನ್ನು ತುಂಬಬಲ್ಲ ಕುಶಲಿ ಸಿಕ್ಕದಿದ್ದರೆ ಕೊಟ್ಟ ಹಣ ನೀರಿಗೆ ಹಾಕಿದಂತೆಯೇ.

ಇಲ್ಲಿಗೆ ವಿಷಯ ಗ್ಯಾರೇಜನ್ನು ದಾಟುತ್ತದೆ. ನಮ್ಮ ಬೀದಿಯ ಅದೇ ಮಿಸ್ತ್ರಿಯ ಬಳಿಗೆ ಭಾಲ್ಕಿಯ ಕಡೆಯ ಟ್ಯಾಕ್ಸಿ ಚಾಲಕನೊಬ್ಬ ಬಂದಿದ್ದ. ಅವನ ಕಾರಿನ ಪೆಟ್ಟಿಗೆ ನಿಜವಾಗಿಯೇ ಸುಟ್ಟಿತ್ತು. ಮಿಸ್ತ್ರಿ ದೋಷವನ್ನು ಸರಿಯಾಗಿ ಕಂಡುಹಿಡಿದ, ಬಿಚ್ಚಬಲ್ಲವನಾಗಿದ್ದ, ಜೋಡಿಸಬಲ್ಲವನಾಗಿದ್ದ. ಆದರೆ ಕೀಲಿಯ ಪರಿಚಯ ಮಾಡಿಸುವ ಗುಪ್ತಸಂಖ್ಯೆ ಅವನಿಗೆ ದೊರೆಯುವಂತಿರಲಿಲ್ಲ. ಕಾರನ್ನು ಲಾರಿಯ ಮೇಲೇರಿಸಿ ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದಿಗೆ ಕಳುಹಿಸಬೇಕಾಯಿತು. ಅದು ಹಿಂದಿರುಗುವವರೆಗೆ ಆ ಚಾಲಕನ ಮನೆಯಲ್ಲಿ ದುಡಿಮೆ ನಿಂತಿತು. ಕಳ್ಳರಿಂದ ಕಾರನ್ನು ಕಾಪಾಡಲು ಗುಪ್ತಸಂಖ್ಯೆ ಬೇಕು, ಒಪ್ಪೋಣ. ಆದರೆ ಕಾರಿನ ಒಡೆಯನೇ ದಾಖಲೆ ಹಿಡಿದು ನಿಂತಾಗ, ಅವನು ನೆಚ್ಚಿದ ಮಿಸ್ತ್ರಿಗೆ ಆ ಬಾಗಿಲು ತೆರೆಯದಿದ್ದರೆ ಕಾರು ಯಾರದು ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಯನ್ನು ಕೇಳಿದವರು ನಾವೇ ಮೊದಲಿಗರಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಿ, ದುರಸ್ತಿಗೆ ಬೇಕಾದ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆಂಬ ಕಾನೂನನ್ನು ಒಪ್ಪಿದರು. ನಮ್ಮ ದೇಶದಲ್ಲಿ ಸ್ಪರ್ಧಾ ಆಯೋಗವು 2014ರ ಆಗಸ್ಟ್ ತಿಂಗಳಲ್ಲಿ 14 ಕಾರು ತಯಾರಕ ಸಂಸ್ಥೆಗಳ ಮೇಲೆ ದಂಡ ವಿಧಿಸಿ, ಬಿಡಿಭಾಗಗಳೂ ದೋಷ ಪತ್ತೆಯ ಸಾಧನಗಳೂ ಸ್ವತಂತ್ರ ದುರಸ್ತಿಗಾರರಿಗೆ ದೊರೆಯಬೇಕೆಂದು ಆಜ್ಞೆ ಮಾಡಿತು. ಅದರ ಮೇಲೆ ಮೇಲ್ಮನವಿಗಳು ಹೋದವು ಎಂಬುದನ್ನೂ ಹೇಳಬೇಕು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಕೃಷಿ ಯಂತ್ರ, ಮೊಬೈಲ್ ಮೊದಲಾದವುಗಳ ಜೊತೆಗೆ ವಾಹನಗಳೂ ಅದರ ವ್ಯಾಪ್ತಿಗೆ ಬಂದವು. ದಾರಿ ತೆರೆಯುತ್ತಿದೆ. ಆದರೆ ಅದು ಬೀದರಿನ ಗ್ಯಾರೇಜನ್ನು, ಔರಾದಿನ ಗ್ಯಾರೇಜನ್ನು ಮುಟ್ಟಬೇಕಾದರೆ ಎರಡು ಕೆಲಸ ಆಗಬೇಕು. ನಮ್ಮ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಈ ಪೆಟ್ಟಿಗೆಗಳ ವಿದ್ಯೆಯನ್ನು ಕೈಯಾರೆ ಮಾಡಿಸಿ ಕಲಿಸಬೇಕು. ಆ ವಿದ್ಯೆಯ ಕೈಪಿಡಿಗಳು ಕನ್ನಡದಲ್ಲಿ ಬರಬೇಕು. ಜೀವನವೆಲ್ಲ ಕನ್ನಡ ಪಾಠ ಹೇಳಿದವನು ಇದನ್ನು ಒತ್ತಿ ಹೇಳುವುದು ಸಹಜವೆಂದು ಕೇಳುಗರು ಭಾವಿಸಬಹುದು. ಆದರೆ ಕಲಿಯುವವನ ಮಾತಿನಲ್ಲಿ ಇಳಿಯದ ವಿದ್ಯೆ ಊರಿಗೆ ಬಂದರೂ ಪರದೇಶಿಯಾಗಿಯೇ ಉಳಿಯುತ್ತದೆ.

ಅಲ್ಲಿಯವರೆಗೆ ಕಾರುಳ್ಳವರು ತಮ್ಮ ಮಟ್ಟಿಗೆ ಮಾಡಬಹುದಾದುದು ಇಷ್ಟು. ಮಳೆಗಾಲಕ್ಕೆ ಮುನ್ನ ಮುಂಗಾಜಿನ ಕೆಳಗಿನ ಎಲೆಕಸವನ್ನು ತೆಗೆಸಿರಿ. ಎರಡನೆಯ ಕೀಲಿಯನ್ನು ಜೋಪಾನವಾಗಿಡಿರಿ. ಕಾರಿನ ಜೊತೆ ಬಂದ ಗುಪ್ತಸಂಖ್ಯೆಯ ಚೀಟಿಯಿದ್ದರೆ ಅದನ್ನು ಕಾರಿನೊಳಗಿಡದೆ ಮನೆಯಲ್ಲಿಡಿರಿ. ಪೆಟ್ಟಿಗೆ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಿರಿ: ಬ್ಯಾಟರಿ, ಅರ್ತ್ ಎರಡನ್ನೂ ಅಳೆದು ನೋಡಿದಿರಾ? ಪ್ಲಗ್ಗುಗಳಲ್ಲಿ ನೀರಿನ ಗುರುತು ಇದೆಯೇ? ಹೊಸ ಪೆಟ್ಟಿಗೆಗೆ ಕೀಲಿಗಳ ಪರಿಚಯ ಮಾಡಿಸುವವರು ಯಾರು, ಅದರ ಖರ್ಚು ಈ ಪಟ್ಟಿಯಲ್ಲಿ ಸೇರಿದೆಯೇ? ಮೂರಕ್ಕೂ ನೇರವಾದ ಉತ್ತರ ಬಂದರೆ ಹಣ ಕೊಡಲು ಹಿಂಜರಿಯಬೇಕಾಗಿಲ್ಲ.